ನೀರಿಗಿಳಿಯುವ ಬಟ್ಟೆ

ಮಕ್ಕಳೇ, ಹೋದ ಬೇಸಿಗೆಯಲ್ಲಿ ನಿಮ್ಮಿಬ್ಬರಲ್ಲಿ ದೊಡ್ಡವಳು ಒಂದೂವರೆ ತಿಂಗಳು ಈಜುಕೊಳದ ಕಡೆ ತಲೆ ಹಾಕಲಿಲ್ಲ. ಬಿಸಿಲಿಗೆ ಬೇಸರವಾಗಿರಬೇಕು ಎಂದು ನಿಮ್ಮಮ್ಮ ಅಂದುಕೊಂಡಳು. ಓದಿನ ಕಡೆ ಮನಸ್ಸು ತಿರುಗಿದೆ ಎಂದು ನಿಮ್ಮಪ್ಪ ಸಂತೋಷಪಟ್ಟರು. ನಿಜವಾದ ಕಾರಣ ಈ ಅಜ್ಜಿಯ ಬಾಯಿಂದ ಬಂದ ಒಂದು ಮಾತು. ಅದು ನನಗೂ ಅವಳಿಗೂ ಮಾತ್ರ ಗೊತ್ತು. ಹೇಳಬೇಕಾದದ್ದನ್ನು ಎದುರಿಗೆ ಕೂತು ಹೇಳುವುದು ನನಗೆ ಯಾವತ್ತೂ ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನೀವು ಶಾಲೆಯಲ್ಲಿ ತಮಿಳು, ಇಂಗ್ಲಿಷು ಓದುವವರು. ಕನ್ನಡದ ಅಕ್ಷರ ನಿಮ್ಮಮ್ಮ ಮನೆಯಲ್ಲಿ ಕಲಿಸಿದ್ದು. ನಿಧಾನವಾಗಿ ಓದಿಕೊಳ್ಳಿ, ಅವಸರವೇನಿಲ್ಲ.

ಮೊದಲು ನಮ್ಮ ತೋಟದ ಬಾವಿಯಿಂದ ಶುರು ಮಾಡಬೇಕು.

ಹೊಸೂರು ಸೀಮೆಯ ಬೇರಿಕೆಯಿಂದ ಎರಡು ಮೈಲಿ ಒಳಗೆ ನಮ್ಮೂರು. ಅಲ್ಲಿನ ಕನ್ನಡ ಶಾಲೆಯಲ್ಲಿ ನಾನು ಏಳನೆಯ ತರಗತಿಯವರೆಗೆ ಓದಿದೆ. ನಮ್ಮ ತೋಟದಲ್ಲಿದ್ದದ್ದು ಕಪಿಲೆ ಬಾವಿ. ಎತ್ತು ಕಟ್ಟಿ ನೀರೆತ್ತುವ ಕಪಿಲೆ ಹೋಗಿ ಮೋಟಾರು ಬಂದಿದ್ದರೂ ಹೆಸರು ಮಾತ್ರ ಹಾಗೇ ಉಳಿದಿತ್ತು. ಮನೆಯಷ್ಟು ಅಗಲದ ಬಾವಿ, ಗೋಡೆಯಿಂದ ಹೊರಚಾಚಿದ ಕಲ್ಲಿನ ಮೆಟ್ಟಿಲುಗಳು, ಕೆಳಗೆ ಹಸಿರು ನೀರು. ಬೆಳಿಗ್ಗೆ ಅದು ಗಂಡುಹುಡುಗರದು. ಮಧ್ಯಾಹ್ನ ಗಂಡಸರೆಲ್ಲ ಉಂಡು ಮಲಗಿದ ಮೇಲೆ ನಮ್ಮದು.

ನಿಮಗೆ ಈಗ ಇರುವಂಥ ಉಡುಗೆಯನ್ನು ನಾವು ಕನಸಿನಲ್ಲೂ ಕಂಡಿರಲಿಲ್ಲ. ಹಾಕಿಕೊಂಡ ಲಂಗವನ್ನೇ ಎದೆಯವರೆಗೆ ಏರಿಸಿ, ಲಾಡಿಯನ್ನು ಬಿಗಿದು ಕಟ್ಟಿಕೊಂಡರೆ ಅದೇ ನೀರಿಗಿಳಿಯುವ ಬಟ್ಟೆ. ಆದರೆ ಆ ಲಂಗದಲ್ಲಿ ಒಂದು ಉಪಾಯವಿತ್ತು. ಹಾರುವ ಮುಂಚೆ ಅದನ್ನು ಪೂರ್ತಿ ನೆನೆಸಬೇಕು. ಒಣಗಿದ ಬಟ್ಟೆಯಲ್ಲಿ ಗಾಳಿ ನಿಲ್ಲುವುದಿಲ್ಲ. ನೆನೆದರೆ ನೂಲು ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ. ಆಮೇಲೆ ಕಾಲು ಕೆಳಗೆ ಮಾಡಿ ನೆಟ್ಟಗೆ ಹಾರಬೇಕು. ಬೀಳುವಾಗ ಲಂಗ ಕೊಡೆಯಂತೆ ಬಿಚ್ಚಿಕೊಂಡು ಗಾಳಿ ತುಂಬಿಕೊಳ್ಳುತ್ತದೆ. ನೀರು ಮುಟ್ಟಿದ ತಕ್ಷಣ ಅಂಚನ್ನು ಎರಡು ಕೈಯಲ್ಲಿ ಒಟ್ಟುಮಾಡಿ ಹಿಡಿದುಬಿಟ್ಟರೆ ಗಾಳಿ ಒಳಗೇ ಸಿಕ್ಕಿಕೊಂಡು ನಮ್ಮ ಸುತ್ತ ಒಂದು ದೊಡ್ಡ ಬುಗ್ಗೆ ಏಳುತ್ತಿತ್ತು. ಆ ಬುಗ್ಗೆ ನಮ್ಮನ್ನು ತೇಲಿಸುತ್ತಿತ್ತು. ಗಂಡುಹುಡುಗರು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಕಲಿಯುತ್ತಿದ್ದರು. ನಮಗೆ ಬುರುಡೆ ಬೇಕಿರಲಿಲ್ಲ, ಉಟ್ಟ ಬಟ್ಟೆಯೇ ಬುರುಡೆ.

ನನಗೆ ಕಲಿಸಿದವಳು ನನ್ನ ಅಕ್ಕ. ನಾನು ಮೆಟ್ಟಿಲಿನ ಮೇಲೆ ಹೆದರಿ ನಿಂತರೆ ಕೆಳಗಿನಿಂದ ಕೂಗುತ್ತಿದ್ದಳು.

"ಲಾಡಿ ಬಿಗಿಯಾಗಿ ಕಟ್ಕೊಳ್ಳೇ! ಬುಗ್ಗೆ ಒಡೀತೋ, ತಳದಾಗಿರೋ ಆಮೆ ನಿನ್ ಕಾಲು ಹಿಡ್ಕೊಂತದೆ."

"ಹಿಡ್ಕೊಂಡು ಏನ್ ಮಾಡ್ತದೆ?"

"ಮದ್ವೆ ಆಗ್ತದೆ. ಹಾರೇ ಬಿರ್ರನೆ!"

ಒಂದು ಬೇಸಿಗೆ ಬುಗ್ಗೆ ಹಿಡಿದು ತೇಲಿದೆ. ಎರಡನೆಯ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಬುಗ್ಗೆ ಒಡೆದುಹೋದದ್ದು ನನಗೆ ಗೊತ್ತೇ ಆಗಲಿಲ್ಲ. ಅಂಚು ಕೈಯಿಂದ ಜಾರಿತ್ತು, ಲಂಗ ಮುದುರಿ ಕಾಲಿಗೆ ಸುತ್ತಿಕೊಂಡಿತ್ತು, ನಾನು ಮಾತ್ರ ನೀರಿನ ಮೇಲೇ ಇದ್ದೆ. ಆ ಗಳಿಗೆಯಲ್ಲಿ ನನಗಾದ ಬೆರಗನ್ನು ಹೇಳುವುದು ಕಷ್ಟ. ಯಾರೂ ಹಿಡಿದಿಲ್ಲ, ಯಾವುದೂ ಹಿಡಿದಿಲ್ಲ, ಆದರೂ ಮುಳುಗುತ್ತಿಲ್ಲ. ಅಷ್ಟೇ.

ಹನ್ನೆರಡನೆಯ ವಯಸ್ಸಿಗೆ ನಾನು ದೊಡ್ಡವಳಾದೆ. ಹಸೆಗೆ ಕೂರಿಸಿ ಆರತಿ ಎತ್ತಿ ಒಸಗೆ ಮಾಡಿದರು. ಎಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಹಳೆಯ ಲಂಗವನ್ನು ಹೆಗಲ ಮೇಲೆ ಹಾಕಿಕೊಂಡು ಅಕ್ಕನ ಹಿಂದೆ ತೋಟಕ್ಕೆ ಹೊರಟೆ. ಅಕ್ಕನಿಗೆ ಹದಿನಾಲ್ಕಾಗಿತ್ತು, ಇನ್ನೂ ದೊಡ್ಡವಳಾಗಿರಲಿಲ್ಲ. ಬಾಗಿಲಲ್ಲಿ ರಾಗಿ ಕೇರುತ್ತಿದ್ದ ಅವ್ವ ಮೊರವನ್ನು ನಿಲ್ಲಿಸಿ ನನ್ನನ್ನು ನೋಡಿದಳು.

"ಇನ್ನು ಸಾಕು ಬಿಡವ್ವ. ಯಾರ ಕಣ್ಣಿಗೆ ಬೀಳ್ತೀಯೋ ಏನೋ."

ಬೈಯಲಿಲ್ಲ, ಗದರಲಿಲ್ಲ. ಲಂಗವನ್ನು ನನ್ನ ಹೆಗಲಿಂದ ತೆಗೆದು ಮಡಿಸಿಟ್ಟು ಮತ್ತೆ ಕೇರತೊಡಗಿದಳು. ನಾನೂ ಯಾಕೆ ಎಂದು ಕೇಳಲಿಲ್ಲ. ಐವತ್ತು ವರ್ಷವಾಯಿತು, ಮೊಣಕಾಲಿಗಿಂತ ಮೇಲಿನ ನೀರಿಗೆ ನಾನು ಇಳಿದಿಲ್ಲ. ನನಗೆ ಈಜು ಬರುತ್ತಿತ್ತೆಂದು ನಿಮ್ಮ ತಾತನಿಗೂ ಹೇಳಿರಲಿಲ್ಲ.

ನಿಮ್ಮ ತಾತ ಹೋದಾಗ ನಿಮ್ಮಮ್ಮ ಪ್ಲಸ್ ಟು ಓದುತ್ತಿದ್ದಳು. ನಾನು ಹೊಸೂರಿನ ಅಂಚಿನ ಒಂದು ಗಾರ್ಮೆಂಟ್ಸ್‌ಗೆ ಕೆಲಸಕ್ಕೆ ಸೇರಿದೆ. ಹೊಲಿಗೆ ಬರುತ್ತಿದ್ದರೂ ನನ್ನನ್ನು ಕೂರಿಸಿದ್ದು ಚೆಕ್ಕಿಂಗ್ ಟೇಬಲ್ಲಿಗೆ. ಕುತ್ತಿಗೆಗೆ ಟೇಪು ಹಾಕಿಕೊಂಡು, ಹೊಲಿದು ಬಂದ ಪೀಸನ್ನು ಅಳೆದು, ಅಳತೆ ಸರಿಯಿದ್ದರೆ ಪೆಟ್ಟಿಗೆಗೆ, ತಪ್ಪಿದ್ದರೆ ಬುಟ್ಟಿಗೆ. ಮೊದಲ ವರ್ಷವೆಲ್ಲ ಷರಟು. ಒಂದು ದಿನ ಟೇಬಲ್ಲಿನ ಮೇಲೆ ಬೇರೆಯೇ ಒಂದು ರಾಶಿ ಬಂದು ಬಿತ್ತು.

ಗಿಳಿಹಸಿರು, ನವಿಲುನೀಲಿ, ದಾಸವಾಳದ ಕೆಂಪು. ಮುಟ್ಟಿದರೆ ಮೀನಿನ ಮೈಯಂತೆ ನುಣುಪು. ತೋಳಿಲ್ಲ, ಗುಂಡಿಯಿಲ್ಲ, ಲಾಡಿಯಿಲ್ಲ. ಅಂಗೈಯಲ್ಲಿ ಮುದುರಿ ಹಿಡಿದರೆ ಪೂರ್ತಿ ಮುಷ್ಟಿಯೊಳಗೆ ಬಂತು. ಅದನ್ನು ಹೊಲಿಗೆಯ ಲೈನಿನಲ್ಲಿ ಸ್ವಿಮ್ ಪೀಸ್, ಅಂದರೆ ಈಜುವ ಉಡುಗೆ, ಎನ್ನುತ್ತಿದ್ದರು. ಲೇಬಲ್ ನೋಡಿದೆ: ಹತ್ತು, ಹನ್ನೆರಡು, ಹದಿನಾಲ್ಕು. ಹತ್ತು ವರ್ಷದವಳಿಗೆ, ಹನ್ನೆರಡು ವರ್ಷದವಳಿಗೆ, ಹದಿನಾಲ್ಕು ವರ್ಷದವಳಿಗೆ ಎಂದು ಅರ್ಥ ಮಾಡಿಕೊಂಡೆ. ಬಟ್ಟೆಯೂ ಅಷ್ಟೇ ಪುಟ್ಟದಾಗಿ ಕಾಣುತ್ತಿತ್ತು. ಆ ದೇಶದವರು ಮಕ್ಕಳಿಗೆ ಎಷ್ಟು ಚೆಂದದ ಬಟ್ಟೆ ಹಾಕುತ್ತಾರಪ್ಪ ಅಂದುಕೊಳ್ಳುತ್ತಾ, ಇಡೀ ದಿನ ಅಳೆದದ್ದನ್ನೆಲ್ಲ ಮಕ್ಕಳ ಬಟ್ಟೆಯ ಪೆಟ್ಟಿಗೆಗೆ ಜೋಡಿಸಿದೆ.

ಮರುದಿನ ಸೂಪರ್‌ವೈಸರ್ ಆ ಪೆಟ್ಟಿಗೆಯನ್ನು ಹೊತ್ತುಕೊಂಡೇ ಬಂದರು.

"ಯಾರಕ್ಕಾ ಇದನ್ನ ಕಿಡ್ಸ್ ಬಾಕ್ಸ್‌ಗೆ ಹಾಕಿದ್ದು?"

"ನಾನೇ ಸಾರ್."

"ಯಾಕೆ ಹಾಕಿದ್ರಿ?"

"ಹನ್ನೆರಡು ಅಂತ ಬರ್ದೈತಲ್ಲ ಸಾರ್. ಹನ್ನೆರಡು ವರ್ಷದ ಮಗೂಗೆ ಅಂತ…"

ಮಿಷನ್ನುಗಳು ಒಂದೊಂದಾಗಿ ನಿಂತವು. ನಗು ಆ ತುದಿಯಿಂದ ಈ ತುದಿಗೆ ಹರಡಿತು.

"ಅಕ್ಕಾ, ಅದು ವಯಸ್ಸಲ್ಲ, ಸೈಜು! ದೊಡ್ಡ ಹೆಂಗಸ್ರುದು. ನಿಮ್ಮಂಥೋರ್ದು!" ಎಂದು ಯಾರೋ ಕೂಗಿದರು.

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಆಗ ಮಾದರಿ ಬಟ್ಟೆ ಹೊಲಿಯುವ ಸ್ಯಾಂಪಲ್ ರೂಮಿನಿಂದ ಒಬ್ಬ ಟೈಲರ್ ಹೆಂಗಸು ಎದ್ದು ಬಂದಳು. ಕೃಷ್ಣಗಿರಿ ಕಡೆಯ ತಮಿಳು ಹೆಂಗಸು, ನನಗಿಂತ ಹತ್ತು ವರ್ಷ ಚಿಕ್ಕವಳು. "ಸಿರಿಕ್ಕಾದೀಂಗ" ಎಂದು ನಗುತ್ತಿದ್ದವರ ಬಾಯಿ ಮುಚ್ಚಿಸಿ, ಒಂದು ಪೀಸನ್ನು ತೆಗೆದುಕೊಂಡು ಅಲ್ಲೇ ಇದ್ದ ಗೊಂಬೆಗೆ ತೊಡಿಸತೊಡಗಿದಳು. ಗೊಂಬೆ ಅಂದರೆ ಆಳೆತ್ತರದ ಹೆಂಗಸಿನ ಮೈ. ಆ ಅಂಗೈಯಗಲದ ಬಟ್ಟೆ ಸೊಂಟ ದಾಟಿತು, ಎದೆ ದಾಟಿತು, ಹೆಗಲಿಗೆ ಹೋಗಿ ಕೂತಿತು. ಎಲ್ಲೂ ಸುಕ್ಕಿಲ್ಲ. ನಾನು ಅವಮಾನವನ್ನೂ ಮರೆತು ಹತ್ತಿರ ಹೋಗಿ ಟೇಪು ಹಿಡಿದೆ. ಟೇಬಲ್ಲಿನ ಮೇಲೆ ಒಂದು ಗೇಣಿಗಿಂತ ತುಸು ಹೆಚ್ಚಿದ್ದ ಸೊಂಟ ಎಳೆದರೆ ಎರಡು ಗೇಣು ದಾಟುತ್ತಿತ್ತು, ಬಿಟ್ಟರೆ ಮತ್ತೆ ಅಷ್ಟೇ. ನಾನು ಅದುವರೆಗೆ ತಿಳಿದಿದ್ದ ಬಟ್ಟೆಗೆಲ್ಲ ಒಂದೇ ಅಳತೆ. ಮೈಯನ್ನು ಕೇಳಿ ಅಳತೆ ಬದಲಾಯಿಸುವ ಬಟ್ಟೆಯನ್ನು ನೋಡಿದ್ದು ಅವತ್ತೇ.

ಆ ಆರ್ಡರ್ ಮುಗಿದ ಮೇಲೆ ಹೊಲಿಗೆ ಸೊಟ್ಟಗಾಗಿದ್ದ ಒಂದು ನೀಲಿ ಪೀಸನ್ನು ಸೂಪರ್‌ವೈಸರ್ ನನ್ನ ಮುಂದಿಟ್ಟರು. "ತಗೊಳ್ಳಿ ಅಕ್ಕಾ. ಮನೇಲಿ ಹನ್ನೆರಡು ವರ್ಷದ ಮಗು ಇದ್ರೆ ಹಾಕ್ಸಿ." ಮತ್ತೆ ಎಲ್ಲರೂ ನಕ್ಕರು. ನಾನು ಕೆಲಸ ಬಿಡುವವರೆಗೂ ಆ ಲೈನಿನಲ್ಲಿ ನನ್ನ ಹೆಸರು ಹನ್ನೆರಡಕ್ಕ. ಪೀಸನ್ನು ಮನೆಗೆ ತಂದು ಟ್ರಂಕಿನ ತಳದಲ್ಲಿ, ನಿಮ್ಮ ತಾತನ ಪಂಚೆಯ ಕೆಳಗೆ ಇಟ್ಟೆ. ಎಸೆಯಲು ಮನಸ್ಸಾಗಲಿಲ್ಲ.

ಸ್ಯಾಂಪಲ್ ಟೈಲರ್ ಅವತ್ತಿನಿಂದ ಗೆಳತಿಯಾದಳು. ಊಟದ ಹೊತ್ತಿನಲ್ಲಿ ಸ್ಯಾಂಪಲ್ ರೂಮಿನಲ್ಲೇ ಡಬ್ಬಿ ಬಿಚ್ಚುತ್ತಿದ್ದೆವು. ಆ ರೂಮಿನ ಗೋಡೆಗೆ ಬಟ್ಟೆ ಕೊಳ್ಳುವ ಪರದೇಶದ ಕಂಪನಿಯವರು ಕಳಿಸಿದ ದೊಡ್ಡದೊಂದು ಬೋರ್ಡು ಒರಗಿಸಿದ್ದರು. ನೀರಿಗಿಳಿಯುವ ಹೆಂಗಸರ ಚಿತ್ರಗಳು, ಹಳೆಯ ಕಾಲದಿಂದ ಹೊಸದರವರೆಗೆ. ಆಫೀಸಿನ ಹುಡುಗಿ ಇವಳಿಗೆ ಇಂಗ್ಲಿಷಿನಿಂದ ತಮಿಳಿಗೆ ಹೇಳಿದ್ದಳು. ಇವಳು ನನಗೆ ತನಗೆ ಬರುವಷ್ಟು ಕನ್ನಡದಲ್ಲಿ ಹೇಳುತ್ತಿದ್ದಳು.

"ಇಂಗೆ ಪಾರುಂಗ ಅಕ್ಕಾ, ಇಲ್ಲಿ ನೋಡಿ. ಇದು ಮೊದ್ಲುದು."

ಮೊದಲನೆಯ ಚಿತ್ರದಲ್ಲಿ ಸಮುದ್ರದ ದಡದಲ್ಲಿ ಗಾಲಿಯ ಮೇಲೊಂದು ಪುಟ್ಟ ಮನೆ, ಅದಕ್ಕೆ ಕುದುರೆ ಕಟ್ಟಿದೆ. ಹೆಂಗಸು ಒಳಗೆ ಕೂತು ಬಟ್ಟೆ ಬದಲಾಯಿಸುವಷ್ಟರಲ್ಲಿ ಕುದುರೆ ಆ ಮನೆಯನ್ನು ನೀರಿನೊಳಕ್ಕೇ ಎಳೆದುಕೊಂಡು ಹೋಗುತ್ತಿತ್ತಂತೆ, ಯಾರ ಕಣ್ಣಿಗೂ ಬೀಳದೆ ಮೆಟ್ಟಿಲಿಳಿಯಲಿ ಎಂದು. ಅಷ್ಟು ದೂರದ ದೇಶದಲ್ಲೂ ಯಾರ ಕಣ್ಣಿಗೆ ಬೀಳ್ತೀಯೋ ಎಂದು ಹೇಳುವ ಅವ್ವಂದಿರು ಇದ್ದರಲ್ಲ ಎಂದು ನನಗೆ ಆಶ್ಚರ್ಯವಾಯಿತು. ಬಟ್ಟೆಯೋ, ಕುತ್ತಿಗೆಯಿಂದ ಹಿಮ್ಮಡಿವರೆಗೆ ದಪ್ಪನೆಯ ನಿಲುವಂಗಿ. ಗೆಳತಿ ಅದರ ಅಂಚಿನ ಮೇಲೆ ಬೆರಳಿಟ್ಟಳು.

"ಇಲ್ಲಿ ಒಳಗೆ ಸೀಸದ ಗುಂಡು ಹೊಲಿದವ್ರೆ."

"ಸೀಸದ ಗುಂಡಾ? ಯಾಕಮ್ಮಾ?"

"ಪಾವಾಡೆ, ಅದೇ ಲಂಗ, ಮೇಲೆ ಬರಬಾರ್ದು ಅಂತ. ನೀರೊಳಗೆ ಗಾಳಿ ತುಂಬ್ಕೊಂಡು ತೇಲ್ತದೆ ಅಲ್ಲಾ, ಕಾಲು ಕಾಣ್ತದೆ ಅಲ್ಲಾ!"

ನನ್ನ ಕೈಯಲ್ಲಿದ್ದ ಅನ್ನದ ತುತ್ತು ಹಾಗೇ ನಿಂತಿತು. ಲಂಗ ತೇಲುತ್ತದೆಂದು ನಂಬಿ ನಾವು ನೀರಿಗೆ ಹಾರುತ್ತಿದ್ದೆವು. ಅದೇ ಲಂಗ ತೇಲದಿರಲಿ ಎಂದು ಅವರು ಸೀಸ ಕಟ್ಟುತ್ತಿದ್ದರು. ಆ ಭಾರ ಹೊತ್ತುಕೊಂಡು ಅವರು ಅಲೆಯ ಮುಂದೆ ನಿಂತಿದ್ದನ್ನು ನೆನೆದು ತುತ್ತನ್ನು ಡಬ್ಬಿಗೇ ಇಳಿಸಿದೆ. ಅವತ್ತು, ಹುಟ್ಟಿದ ಮೇಲೆ ಮೊದಲ ಸಲ, ಬಾವಿಯ ವಿಷಯವನ್ನು ಒಬ್ಬರಿಗೆ ಹೇಳಿದೆ. ಅವಳು ಡಬ್ಬಿ ಮುಚ್ಚಿಟ್ಟು ನನ್ನನ್ನೇ ನೋಡಿದಳು.

"ಅಯ್ಯಯ್ಯೋ! ಹನ್ನೆರಡಕ್ಕಾ, ನೀವು ಸ್ವಿಮ್ಮರಾ?"

"ಸುಮ್ನಿರಮ್ಮಾ, ಯಾರಾದ್ರೂ ಕೇಳಿಸ್ಕೊಂತಾರೆ."

ಆ ಬೋರ್ಡನ್ನು ನಾವು ಎಷ್ಟು ಮಧ್ಯಾಹ್ನ ನೋಡಿದೆವೋ. ಉಣ್ಣೆಯ ಉಡುಗೆಯವರು ಇದ್ದರು. ನೆನೆದರೆ ಕಂಬಳಿಯಂತೆ ತೂಗಿ ಮೊಣಕಾಲಿಗೆ ಇಳಿಬೀಳುತ್ತಿತ್ತಂತೆ. ಕಾಲುಚೀಲ ಹಾಕಿಕೊಂಡು ನೀರಿಗಿಳಿದವರಿದ್ದರು. ಒಂದು ಚಿತ್ರ ಮಾತ್ರ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ದಡದಲ್ಲಿ ನಾಲ್ಕು ಹುಡುಗಿಯರು ಸಾಲಾಗಿ ನಿಂತಿದ್ದಾರೆ. ಕಪ್ಪು ಸೂಟಿನ ಒಬ್ಬ ಅಧಿಕಾರಿ ಮಂಡಿಯೂರಿ ಕೂತು, ಒಬ್ಬಳ ಮೊಣಕಾಲಿಗೆ ಟೇಪು ಹಿಡಿದಿದ್ದಾನೆ. ಮೊಣಕಾಲಿನಿಂದ ಇಷ್ಟು ಇಂಚಿಗಿಂತ ಮೇಲೆ ಬಟ್ಟೆ ಹೋಗಿದ್ದರೆ ದಡದಿಂದ ಆಚೆಗೆ ಕಳಿಸುತ್ತಿದ್ದರಂತೆ. ಹುಡುಗಿಯರು ನಗುತ್ತಿದ್ದಾರೆ. ಆ ನಗು ಎಂಥದೆಂದು ನನಗೆ ತಿಳಿಯಲಿಲ್ಲ. ನನ್ನ ಕುತ್ತಿಗೆಯಲ್ಲೂ ಟೇಪು ನೇತಾಡುತ್ತಿತ್ತು. ಅದನ್ನು ತೆಗೆದು ಕೆಲಸದ ಕೋಟಿನ ಜೇಬಿಗೆ ಹಾಕಿಕೊಂಡೆ.

ಮುಂದೆ ಯುದ್ಧ ಬಂದು ಬಟ್ಟೆಗೆ ಬರ ಬಂದಾಗ ಹೊಟ್ಟೆಯ ಭಾಗವನ್ನು ಕತ್ತರಿಸಿ ಎರಡು ತುಂಡು ಮಾಡಿದರಂತೆ. ಇನ್ನೂ ಚಿಕ್ಕದಾದ ಎರಡು ತುಂಡಿಗೆ, ಅಣುಬಾಂಬು ಸಿಡಿಸಿ ನೋಡಿದ ಒಂದು ದ್ವೀಪದ ಹೆಸರಿಟ್ಟರಂತೆ. ಇದನ್ನು ಹೇಳುವಾಗ ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಕೊನೆಯ ಚಿತ್ರದಲ್ಲಿ ಪಂದ್ಯದ ಹುಡುಗಿಯರು. ಅವರ ಉಡುಗೆ ಮತ್ತೆ ಮೊಣಕಾಲಿನ ಹತ್ತಿರಕ್ಕೆ ಬಂದಿತ್ತು.

"ಇವ್ರಿಗೂ ನಾಚ್ಕೆ ಆಯ್ತಾ?" ಎಂದೆ.

"ಇಲ್ಲಾಕ್ಕಾ. ಇದು ನೀರು ಜಾರೋಕೆ. ಸ್ಪೀಡ್!"

ಇನ್ನು ನಮ್ಮ ಮನೆಯ ವಿಷಯ.

ನಿಮ್ಮಪ್ಪ ಆಲಸನತ್ತಂನಲ್ಲಿ ಮನೆ ಮಾಡಿದ ಮೇಲೆ, ಹತ್ತಿರದ ಈಜುಕೊಳಕ್ಕೆ ದೊಡ್ಡವಳನ್ನು ಎಂಟು ವರ್ಷಕ್ಕೇ ಸೇರಿಸಿದರು. ಅವಳು ಫ್ರಿಲ್ ಇದ್ದ ಗುಲಾಬಿ ಉಡುಗೆಯಲ್ಲಿ ನೀರಿಗೆ ಬಿದ್ದು ಎದ್ದು ಬರುವುದನ್ನು ನಾನು ಕಬ್ಬಿಣದ ಬೆಂಚಿನ ಮೇಲೆ ಕೂತು ನೋಡುತ್ತಿದ್ದೆ. ನಾಲ್ಕು ವರ್ಷ ಹಾಗೆ ನಡೆಯಿತು. ಹೋದ ವರ್ಷ, ಹನ್ನೆರಡು ತುಂಬಿದ ಮೇಲೆ, ಅವಳು ದೊಡ್ಡವಳಾದಳು. ನಿಮ್ಮಮ್ಮ ಚೆನ್ನಾಗಿಯೇ ಆರತಿ ಮಾಡಿದಳು. ಅದು ಮುಗಿದು ಒಂದು ವಾರಕ್ಕೆ, ಅವಳು ಚೀಲ ಹೆಗಲಿಗೆ ಹಾಕಿ ಚಪ್ಪಲಿ ಮೆಟ್ಟುತ್ತಿದ್ದಳು. ನಾನು ಬಾಗಿಲಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದೆ.

"ಇನ್ನು ಸಾಕು ಬಿಡವ್ವ," ಎಂದೆ. "ಆ ಚಡ್ಡೀಲಿ ಯಾರ ಕಣ್ಣಿಗೆ ಬೀಳ್ತೀಯೋ ಏನೋ."

ನಾನು ಯೋಚಿಸಿ ಆಡಿದ ಮಾತಲ್ಲ ಅದು. ಎಲ್ಲಿತ್ತೋ, ಹೇಗೆ ಬಂತೋ. ಐವತ್ತು ವರ್ಷ ಒಳಗೇ ಇದ್ದು ದಾರಿ ಸಿಕ್ಕ ಕೂಡಲೇ ಹೊರಗೆ ಬಂದಿತ್ತು. ಅವಳು ಒಂದು ಕ್ಷಣ ನನ್ನನ್ನು ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋದಳು. ಅವಳೂ ಯಾಕೆ ಎಂದು ಕೇಳಲಿಲ್ಲ.

ಚೀಲ ಅಟ್ಟ ಸೇರಿತು. ಕೊಳದ ಟೀಚರು ಫೋನು ಮಾಡಿದರೆ ತಲೆನೋವು ಎನ್ನುತ್ತಿದ್ದಳು. ಒಂದೂವರೆ ತಿಂಗಳು ನಾನೂ ಸುಮ್ಮನಿದ್ದೆ. ಒಂದು ಸಂಜೆ ಒಣಗಿದ ಬಟ್ಟೆ ತರಲು ಮಹಡಿ ಹತ್ತಿದೆ. ಬಟ್ಟೆ ಒಗೆಯುವ ದೊಡ್ಡ ಟಬ್ಬಿನಲ್ಲಿ ನೀರು ತುಂಬಿಸಿಕೊಂಡು, ಅವಳು ಅದರ ಮುಂದೆ ಮಂಡಿಯೂರಿ ಮುಖವನ್ನು ನೀರಿನೊಳಗೆ ಇಟ್ಟಿದ್ದಳು. ಜಡೆಯೂ ಮುಳುಗಿತ್ತು. ಉಸಿರು ಹಿಡಿದು, ಪಕ್ಕದ ನೆಲವನ್ನು ಬೆರಳಿನಿಂದ ತಟ್ಟುತ್ತಾ ಎಣಿಸುತ್ತಿದ್ದಳು. ಮೂವತ್ತು, ನಲವತ್ತು. ನಾನು ಬಟ್ಟೆ ತೆಗೆದುಕೊಳ್ಳದೆ ಹಾಗೇ ಇಳಿದು ಬಂದೆ. ಬಾವಿ ಬಿಟ್ಟ ಮೇಲೆ ನಾನು ಕಡಾಯಿಯ ನೀರಲ್ಲಿ ಕೈಯನ್ನು ಆಡಿಸುತ್ತಾ ಕೂರುತ್ತಿದ್ದದ್ದು, ಮರೆತೇ ಹೋಗಿದ್ದದ್ದು, ನೆನಪಾಯಿತು.

ಮರುದಿನ "ಚೂಡಿದಾರ್ ಹಾಕ್ಕೊಂಡು ಹೋಗೋಣ ನಡಿ, ನಾನೂ ಬತ್ತೀನಿ" ಎಂದೆ. ಅವಳು ನಂಬದವಳಂತೆ ನೋಡಿದರೂ ಹೊರಟಳು. ಕೊಳದ ಬಾಗಿಲಲ್ಲಿದ್ದ ಹೆಂಗಸು ನಮ್ಮನ್ನು ತಡೆದಳು.

"ಕಾಟನ್ ಹಾಕ್ಕೊಂಡು ಇಳೀಬಾರ್ದು ಅಜ್ಜೀ. ನೂಲು ಬಿಟ್ಟು ಫಿಲ್ಟರ್ ಕಟ್ಟಿಕೊಂತದೆ. ನೆಂದ್ರೆ ಪ್ಯಾಂಟು ಮಗೂನ ಕೆಳಕ್ಕೆ ಎಳೀತದೆ. ಬೋರ್ಡ್ ನೋಡಿ."

ಬೋರ್ಡಿನಲ್ಲಿ ಸೀರೆಗೂ ಚೂಡಿದಾರಿಗೂ ಕೆಂಪು ಗೀಟು ಎಳೆದಿತ್ತು. ಆಟೋದಲ್ಲಿ ಬರುವಾಗ ಅವಳು ಹೊರಗೆ ನೋಡುತ್ತಾ ಕೂತಿದ್ದಳು, ಕಣ್ಣು ಒರೆಸಿಕೊಳ್ಳಲೂ ಇಲ್ಲ. ಇಲ್ಲೇ ಬಿಟ್ಟರೆ ಇವಳು ಇನ್ನೆಂದೂ ನೀರಿಗೆ ಇಳಿಯುವುದಿಲ್ಲ ಎಂದು ನನಗೆ ಖಚಿತವಾಯಿತು. ನಾನು ಇಳಿದಿದ್ದೆನೇ?

ಮನೆಗೆ ಬಂದವಳೇ ಟ್ರಂಕು ತೆಗೆದೆ. ಪಂಚೆಯ ಕೆಳಗಿಂದ ಆ ನೀಲಿ ಪೀಸನ್ನು ಎತ್ತಿ ಅವಳ ಮುಂದೆ ಹಿಡಿದೆ.

"ಇದ್ಯಾರ್ದಜ್ಜಿ?"

"ಹನ್ನೆರಡು ವರ್ಷದ ಮಗೂದು" ಎಂದೆ.

ಆಮೇಲೆ ಹನ್ನೆರಡಕ್ಕನ ಕತೆ ಪೂರ್ತಿ ಹೇಳಬೇಕಾಯಿತು. ಅವಳು ಎಷ್ಟೋ ದಿನದ ಮೇಲೆ ನಕ್ಕಳು. ಬಟ್ಟೆಯನ್ನು ಎಳೆದು ನೋಡಿದಳು. ಚರಚರ ಎಂದಿತು, ಹಿಗ್ಗಿದ್ದು ಮತ್ತೆ ಕುಗ್ಗಲಿಲ್ಲ. ಇಪ್ಪತ್ತು ವರ್ಷಕ್ಕೆ ಒಳಗಿನ ರಬ್ಬರು ಸತ್ತುಹೋಗಿತ್ತು. ಹಾಕಿಕೊಳ್ಳಲು ಬಾರದು, ಆದರೆ ಬಿಚ್ಚಿದರೆ ನಕ್ಷೆ ಸಿಗುತ್ತದೆ. ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಡಿಸಿ, ತುಂಡುಗಳನ್ನು ದಿನಪತ್ರಿಕೆಯ ಮೇಲೆ ಹರಡಿ ಗೆರೆ ಎಳೆದೆ. ಆಮೇಲೆ ಅವಳನ್ನು ನಿಲ್ಲಿಸಿ ಅಳತೆ ತೆಗೆದೆ. ಅಳೆಯುವಾಗ ಅವಳು ಮೆಲ್ಲಗೆ ಅಂದಳು:

"ನೀನೇ ತಾನೇ ಬೇಡ ಅಂದಿದ್ದು?"

"ಹೂಂ. ನಾನೇ."

"ಈಗ್ಯಾಕೆ ಹೊಲೀತಿದ್ದೀಯಾ?"

ನನ್ನ ಹಲ್ಲಿನಲ್ಲಿ ಗುಂಡುಸೂಜಿಗಳಿದ್ದವು. ಅದೇ ನೆಪವಾಯಿತು. ಆ ಪ್ರಶ್ನೆಗೆ ಉತ್ತರ ಈ ಬರಹ.

ಸ್ಯಾಂಪಲ್ ಟೈಲರ್ ಈಗ ಮೂಕಂಡಪಲ್ಲಿಯಲ್ಲಿ ಸ್ವಂತ ಅಂಗಡಿ ಇಟ್ಟಿದ್ದಾಳೆ. ಎಕ್ಸ್‌ಪೋರ್ಟಿನಲ್ಲಿ ಉಳಿದ, ಎಳೆದರೆ ಹಿಗ್ಗುವ ಲೈಕ್ರಾ ಬಟ್ಟೆ, ಅದನ್ನು ಹೊಲಿಯುವ ಓವರ್‌ಲಾಕ್ ಮಿಷನ್ನು ಎರಡೂ ಅವಳ ಹತ್ತಿರ ಇದ್ದವು. ನಮ್ಮ ಮನೆಯ ಮಿಷನ್ನಿನಲ್ಲಿ ಹೊಲಿದರೆ ಎಳೆದ ಕೂಡಲೇ ನೂಲು ಪಟ್ಟೆಂದು ಹರಿಯುತ್ತದೆ. ಬಟ್ಟೆಯ ಜೊತೆ ಹೊಲಿಗೆಯೂ ಹಿಗ್ಗಬೇಕು. ಹಳೆಯ ನಕ್ಷೆಗೆ ತೋಳು, ಕಾಲು ಸೇರಿಸಿ ನಾನು ಗೆರೆ ಎಳೆದೆ, ಅವಳು ಹೊಲಿದಳು. ಕುತ್ತಿಗೆಯಿಂದ ಮಣಿಕಟ್ಟು, ಮಣಿಕಟ್ಟಿನಿಂದ ಹಿಮ್ಮಡಿ, ಎಲ್ಲ ಮುಚ್ಚುವ ಕಡುನೀಲಿ ಉಡುಗೆ. ಮುಗಿದಾಗ ಅವಳು ಎತ್ತಿ ಹಿಡಿದು ನೋಡಿದಳು.

"ಹನ್ನೆರಡಕ್ಕಾ, ಅಂಚಿಗೆ ಸೀಸದ ಗುಂಡೂ ಹಾಕಲಾ?"

ಅವಳು ತಮಾಷೆಗೆ ಅಂದದ್ದು. ನನಗೆ ಮಾತ್ರ ಚುಚ್ಚಿತು.

ಕೊಳದಲ್ಲಿ ಹೆಂಗಸರ ಸರದಿ ನಾಲ್ಕು ಗಂಟೆಗೆ. ಬಾಗಿಲಿನ ಹೆಂಗಸು ಬಟ್ಟೆಯನ್ನು ಬೆರಳಲ್ಲಿ ಹಿಡಿದು ನೋಡಿ "ಇದು ಓಕೆ" ಎಂದಳು. ನಾನು ಬೆಂಚಿನ ಮೇಲೆ ಕೂತೆ. ದೊಡ್ಡವಳು ಮೆಟ್ಟಿಲ ಮೇಲೆ ನಿಂತು ಸುತ್ತ ಒಮ್ಮೆ ನೋಡಿದಳು. ಯಾರೂ ಅವಳನ್ನು ನೋಡುತ್ತಿರಲಿಲ್ಲ. ನೀರಿಗೆ ಜಾರಿದಳು. ಒಂದು ಕ್ಷಣ ಕಾಣಲಿಲ್ಲ. ಆಮೇಲೆ ಆ ತುದಿಯಲ್ಲಿ ಎದ್ದಳು, ತಿರುಗಿದಳು, ಬಂದಳು. ಸೋರೆಬುರುಡೆಯಿಲ್ಲ, ಬುಗ್ಗೆಯಿಲ್ಲ, ಅಂಚು ಹಿಡಿದ ಕೈಯಿಲ್ಲ. ಕೈಗಳೆರಡೂ ನೀರನ್ನು ಹಿಂದಕ್ಕೆ ತಳ್ಳುತ್ತಾ ಇದ್ದವು. ನಾಲ್ಕು ವರ್ಷದಿಂದ ನೋಡುತ್ತಿದ್ದವಳು ನಾನು, ಆದರೆ ಅವತ್ತು ಮೊದಲ ಸಲ ನೋಡಿದಂತಿತ್ತು. ಅಷ್ಟು ದೊಡ್ಡ ನೀರು ಅಷ್ಟು ಚಿಕ್ಕ ಮೈಯನ್ನು ಎಷ್ಟು ಮರ್ಯಾದೆಯಿಂದ ಹೊತ್ತುಕೊಳ್ಳುತ್ತದೆ! ನನ್ನ ಕೈಗಳು ಸೆರಗಿನ ಅಂಚನ್ನು ಒಟ್ಟುಮಾಡಿ ಬಿಗಿಯಾಗಿ ಹಿಡಿದಿದ್ದವು ಎಂದು ಎದ್ದು ನಿಂತಾಗಲೇ ಗೊತ್ತಾದದ್ದು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಹತ್ತು ದಿನಕ್ಕೆ ಅವಳು ಉಡುಗೆಯನ್ನು ತಂದು ನನ್ನ ಮಡಿಲಿಗೆ ಹಾಕಿದಳು.

"ಅಜ್ಜಿ, ಹಿಮ್ಮಡಿ ಹತ್ರ ನೀರು ತುಂಬ್ಕೊಂತದೆ. ಒಂಚೂರು ಕತ್ತರಿಸ್ಕೊಡು."

ಮೀನಖಂಡದವರೆಗೆ ಕತ್ತರಿಸಿದೆ. ಇನ್ನೆರಡು ವಾರಕ್ಕೆ ತೋಳು ಹಿಡಿಯುತ್ತದೆ ಎಂದಳು. ಮೊಣಕೈವರೆಗೆ ಬಂತು, ಆಮೇಲೆ ಹೆಗಲಿಗೇ ಬಂತು. ಕಾಲು ಮೊಣಕಾಲಿಗೆ ಏರಿತು. ಅಷ್ಟೂ ಕಾಲದ ಚಿತ್ರಗಳು ಆ ಬೋರ್ಡಿನಿಂದ ಇಳಿದು ಒಂದು ಬೇಸಿಗೆಯಲ್ಲಿ ನಮ್ಮ ಮನೆಯ ಕತ್ತರಿಯ ಕೆಳಗೆ ಹಾದುಹೋಗುತ್ತಿವೆ ಅನ್ನಿಸುತ್ತಿತ್ತು. ಸುಳ್ಳೇಕೆ ಹೇಳಲಿ, ಪ್ರತಿಸಲ ಕತ್ತರಿ ಇಡುವಾಗಲೂ ಹೆದರುತ್ತಾ ಮತ್ತೊಮ್ಮೆ ಅಳೆಯುತ್ತಿದ್ದೆ. ಲೈಕ್ರಾ ಕತ್ತರಿಸಿದರೆ ಸದ್ದಾಗುವುದಿಲ್ಲ, ಅಂಚು ಮೆಲ್ಲಗೆ ಸುರುಳಿ ಸುತ್ತಿಕೊಳ್ಳುತ್ತದೆ.

ಶಾಲೆಯ ಈಜು ತಂಡದ ಆಯ್ಕೆಗೆ ನಾಲ್ಕು ದಿನ ಇರುವಾಗ ಅವಳು ಮತ್ತೆ ಬಂದಳು. ಉಡುಗೆ ಹಾಕಿಕೊಂಡೇ ಸ್ಟೂಲಿನ ಮೇಲೆ ನಿಂತಳು.

"ಮಂಡಿ ಮಡಿಸಿ ಒದೆಯೋವಾಗ ಎಳೀತದೆ ಅಜ್ಜಿ. ಇನ್ನೊಂಚೂರು."

ನಾನು ಅವಳ ಮುಂದೆ ಮಂಡಿಯೂರಿ ಕೂತು ಮೊಣಕಾಲಿಗೆ ಟೇಪು ಹಿಡಿದೆ. ಬಾಯಿ ತನ್ನಷ್ಟಕ್ಕೆ ತೆರೆಯಿತು.

"ಇನ್ನು ಸಾಕು…"

ಅಲ್ಲಿಗೇ ನಿಲ್ಲಿಸಿದೆ. ಆ ಮಾತನ್ನು ಈ ಸಲ ನನ್ನ ಕಿವಿಯೇ ಮೊದಲು ಕೇಳಿತು. ಮಂಡಿಯೂರಿ ಕೂತಿದ್ದ ಆ ಕಪ್ಪು ಸೂಟಿನವನು ನೆನಪಾದ. ಅವನು ಕೂತಿದ್ದಂತೆಯೇ ಕೂತಿದ್ದೆ. ತಲೆಯೆತ್ತಿದರೆ ದೊಡ್ಡವಳು ನನ್ನನ್ನೇ ನೋಡುತ್ತಿದ್ದಳು. ಅವತ್ತು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲು ನೋಡಿದ್ದಳಲ್ಲ, ಅದೇ ನೋಟ.

ನಾನು ಎದ್ದು ಕೈಯಲ್ಲಿದ್ದ ಟೇಪನ್ನು ಅವಳ ಕುತ್ತಿಗೆಗೆ ಹಾಕಿದೆ. ಸೀಮೆಸುಣ್ಣವನ್ನು ಕೈಗೆ ಕೊಟ್ಟೆ.

"ಎಲ್ಲಿಗೆ ಬೇಕೋ ನೀನೇ ಗುರುತು ಹಾಕವ್ವ. ನಾನು ಅಲ್ಲಿಗೇ ಕತ್ತರಿಸ್ತೀನಿ."

"ಎಲ್ಲಿಗಾದ್ರೂ?"

"ಎಲ್ಲಿಗಾದ್ರೂ."

ಅವಳು ಸ್ಟೂಲಿನಿಂದ ಇಳಿದು ಬೀರುವಿನ ಕನ್ನಡಿಯ ಮುಂದೆ ನಿಂತಳು. ಒಂದು ಕಾಲು ಮಡಿಸಿ ನೋಡಿದಳು, ಚಾಚಿ ನೋಡಿದಳು. ನೆಲದ ಮೇಲೆ ಬೋರಲು ಮಲಗಿ, ನೀರಿನಲ್ಲಿ ಒದೆಯುವಂತೆ ಎರಡೂ ಕಾಲನ್ನು ಒದ್ದಳು. ಎದ್ದು ಟೇಪು ಹಿಡಿದು ಯೋಚಿಸಿದಳು. ನಾನು ಕತ್ತರಿ ಹಿಡಿದು ಕಾದೆ. ಅವಳು ಮೊಣಕಾಲಿನ ಮೇಲೆ ನಾಲ್ಕು ಬೆರಳಿಟ್ಟು ಅಳೆದು, ಅಲ್ಲಿ ಒಂದು ಬಿಳಿ ಗೆರೆ ಎಳೆದಳು. ಇನ್ನೊಂದು ಕಾಲಿಗೂ ಅಷ್ಟೇ ಎತ್ತರಕ್ಕೆ.

"ಇಷ್ಟು ಸಾಕು" ಎಂದಳು.

ಗೆರೆಯ ಮೇಲೇ ಕತ್ತರಿಸಿದೆ. ಒಂದು ನೂಲಿನಷ್ಟು ಕೆಳಗೂ ಇಲ್ಲ, ಮೇಲೂ ಇಲ್ಲ.